ಕ್ಷೌರದ ದಿನ

ಆಟಿಸಂ ಇರುವ ಮಗು ಕ್ಷೌರದಂಗಡಿಯ ಕುರ್ಚಿಯಲ್ಲಿ ಕಿರುಚಿಕೊಂಡರೆ ಅದು ಹಟವಲ್ಲ. ಕಿವಿಯ ಪಕ್ಕದಲ್ಲೇ ಟ್ರಿಮ್ಮರ್ ಗುಂಯ್‌ಗುಡುತ್ತದೆ, ಕತ್ತಿನ ಸುತ್ತ ಬಟ್ಟೆ ಬಿಗಿಯುತ್ತದೆ, ತಣ್ಣೀರು ಹೇಳದೆ ಕೇಳದೆ ಚಿಮ್ಮುತ್ತದೆ, ಅಂಗಿಯೊಳಗೆ ಬಿದ್ದ ಚೂರುಕೂದಲು ಚುಚ್ಚುತ್ತದೆ. ಎಲ್ಲವೂ ಒಟ್ಟಿಗೆ. ನಾಲ್ಕು ಜನ ಅಮುಕಿ ಹಿಡಿದು ಕತ್ತರಿಸಿದರೆ ಅವತ್ತಿನ ಕೆಲಸವೇನೋ ಆಗುತ್ತದೆ. ಮುಂದಿನ ಸಲ ಮಗು ಆ ಬೀದಿಗೇ ಕಾಲಿಡುವುದಿಲ್ಲ.

ತಯಾರಿ ಎರಡು ವಾರ ಮೊದಲೇ ಮನೆಯಲ್ಲಿ ಶುರುವಾಗಬೇಕು. ಆಫ್ ಆಗಿರುವ ಟ್ರಿಮ್ಮರನ್ನು ಮೊದಲು ಕೈಗೆ ಕೊಡಿ. ಆಮೇಲೆ ಪಕ್ಕದ ಕೋಣೆಯಲ್ಲಿ ಆನ್ ಮಾಡಿ, ದಿನಕ್ಕಿಷ್ಟು ಹತ್ತಿರ ತನ್ನಿ. ಅಂಗೈ, ಭುಜ, ಕೊನೆಗೆ ಕತ್ತು. ಬ್ಲೇಡಿನ ಕಡೆಯಲ್ಲ, ಹಿಂಬದಿ ತಾಗಿಸಿ, 5ರವರೆಗೆ ಎಣಿಸಿ ತೆಗೆದುಬಿಡಿ. ಐದೆಂದರೆ ಐದೇ. "ಇನ್ನೊಂದೇ ಸಲ, ಕಂದಾ" ಅಂತ ಆರಕ್ಕೆ ಹೋದಲ್ಲೇ ಬಹಳ ಮನೆಗಳಲ್ಲಿ ಕೆಲಸ ಕೆಡುವುದು. ಯಾವಾಗ ಮುಗಿಯುತ್ತದೆ ಎಂದು ಆ ಮಗುವಿಗೆ ಗೊತ್ತಾಗುವುದು ಆ ಎಣಿಕೆಯಿಂದ ಮಾತ್ರ.

ಭಾನುವಾರದ ಗದ್ದಲ ಬೇಡ; ಬುಧವಾರವೋ ಗುರುವಾರವೋ, ಅಂಗಡಿ ಬಾಗಿಲು ತೆಗೆದ ಕೂಡಲೇ ಹೋಗಿ. ನೀರು ಚಿಮುಕಿಸದೆ ಬೆರಳಲ್ಲಿ ಹಚ್ಚಲು ಮೊದಲೇ ಹೇಳಿಡಿ. ಸವರಿದಂತೆ ಮುಟ್ಟುವುದಕ್ಕಿಂತ ಅಂಗೈ ಊರಿ ತಲೆ ಹಿಡಿದರೆ ಎಷ್ಟೋ ಮಕ್ಕಳಿಗೆ ಹಿತ. ಟವೆಲ್ ಮನೆಯದೇ ಇರಲಿ. ಅರ್ಧಕ್ಕೇ ಸಾಕಾಯಿತೇ? ನಿಲ್ಲಿಸಿ. ಉಳಿದದ್ದು ನಾಳೆ.

ಮೀಸೆ ಚಿಗುರುವ ವಯಸ್ಸಿಗೆ ನಮ್ಮ ಕೆಲಸವೇ ಬದಲಾಗುತ್ತದೆ. ಇನ್ನು ಮಾಡಿಸುವುದಲ್ಲ, ಕಲಿಸುವುದು. ಕೊನೆಯ ಹೆಜ್ಜೆಯಿಂದ ಶುರುಮಾಡಿ: ಮೊದಲ ವಾರ ಮುಖ ಒರೆಸಿಕೊಳ್ಳುವುದಷ್ಟೇ ಅವನದು, ಆಮೇಲೆ ಟ್ರಿಮ್ಮರ್ ಆಫ್ ಮಾಡಿ ಒರೆಸಿಕೊಳ್ಳುವುದು, ಅದಾದ ಮೇಲೆ ಒಂದು ಕೆನ್ನೆ. ಹೀಗೆ ಪ್ರತಿ ಸಲವೂ ಮುಗಿಸಿದವನು ಅವನೇ ಆಗಿರುತ್ತಾನೆ. "ಮುಖದ ಕೂದಲು ತೆಗಿ" ಎಂದರೆ ಹುಬ್ಬೂ ಹೋದೀತು! ಹೇಳಿದ್ದನ್ನೇ ಮಾಡಿದ್ದಾನೆ, ಬೈಯಬೇಡಿ. ಅವನದೇ ಫೋಟೊ ಪ್ರಿಂಟ್ ಹಾಕಿಸಿ ಕೆನ್ನೆ, ಮೇಲ್ತುಟಿ, ಗದ್ದಕ್ಕೆ ಮಾತ್ರ ಬಣ್ಣ ಬಳಿದು ಕನ್ನಡಿಯ ಪಕ್ಕ ಅಂಟಿಸಿ.

18 ತುಂಬಿದ ಮೇಲೆ ಕಾನೂನಿನಲ್ಲಿ ಅಪ್ಪ ಅಮ್ಮ ತಾವಾಗಿಯೇ ಅವನ ಪರವಾಗಿ ನಿರ್ಧಾರ ತೆಗೆದುಕೊಳ್ಳುವ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಅಗತ್ಯವಿದ್ದರೆ, ಆಟಿಸಂನಂಥ ಅಂಗವಿಕಲತೆ ಇರುವವರಿಗಾಗಿ ಬಂದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಪೋಷಕರ ನೇಮಕಕ್ಕಾಗಿ ಅರ್ಜಿ ಹಾಕಬೇಕು. ಆದರೆ 5ರವರೆಗೆ ಎಣಿಸಬೇಕು ಎಂಬುದು ಆ ಕಾಗದದಲ್ಲಿ ಇರುವುದಿಲ್ಲವಲ್ಲ! ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಟ್ರಿಮ್ಮರ್, ಯಾವ ಟವೆಲ್, ಯಾವ ಕೆನ್ನೆ ಮೊದಲು. ತಿಂಗಳಿಗೊಮ್ಮೆಯಾದರೂ ಅಣ್ಣನೋ ಚಿಕ್ಕಪ್ಪನೋ ಆ ಪುಸ್ತಕ ನೋಡಿಕೊಂಡೇ ಅವನ ಜೊತೆ ಕನ್ನಡಿಯ ಮುಂದೆ ನಿಲ್ಲಲಿ. ಅಪ್ಪ ಅಮ್ಮ ಅವತ್ತು ಹೊರಗೆ ಹೋಗಿರಲಿ.