ಮಾಷ್ಟ್ರ ಮೀನಿನ ಪಟ್ಟಿಗೆ ಒಂದು ಹೊಸ ಎಲಿಮೆಂಟ್

ನಮ್ಮ ಪರಿಚಯದ ಮಾಷ್ಟ್ರೊಬ್ಬರು ಉಡುಪಿಯಲ್ಲಿದ್ದಾರೆ. ಮಲ್ಪೆ ಕಡೆಯ ಮೀನುಗಳ ಹೆಸರನ್ನು ವರ್ಷಗಳಿಂದ ಕೂಡಿಸುತ್ತಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಆಗ ಬಲೆ ರಿಪೇರಿ ಮಾಡುತ್ತಾ ಕೂತವರ ಹತ್ತಿರ ಹೋಗಿ, ಕೇಳಿ ಕೇಳಿ ಬರೆದುಕೊಂಡ ಪಟ್ಟಿ ಅದು. ಎಲ್ಲವೂ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿದೆ, ಅಂದರೆ ಮಾಹಿತಿಯ ಪ್ರತಿ ತುಂಡಿಗೂ ಟ್ಯಾಗ್ ಅನ್ನುವ ಗುರುತು ಹಾಕಿ ಇಡುವ ಫೈಲ್. ಟ್ಯಾಗ್ ಹಾಕಿದ ಒಂದೊಂದು ತುಂಡೂ ಒಂದು ಎಲಿಮೆಂಟ್. ಟ್ಯಾಗ್‌ಗಳೂ ಕನ್ನಡದಲ್ಲೇ: 'ಮೀನು', ಅದರೊಳಗೆ 'ಹೆಸರು'. 1998ರ ಮೊದಲ ಆವೃತ್ತಿಯಿಂದಲೇ ಎಕ್ಸ್‌ಎಂಎಲ್‌ನಲ್ಲಿ ಇದಕ್ಕೆ ಅವಕಾಶ ಇದೆ, ಬಳಸುವವರು ಕಡಿಮೆ ಅಷ್ಟೆ.

ಪ್ರತಿ ಹೆಸರಿನ ಕೆಳಗೆ ಶಾಸ್ತ್ರೀಯ ಹೆಸರೂ ಬರಬೇಕು ಅಂತ ಅವರ ಆಸೆ. ಬೂತಾಯಿ ಅಂದರೆ ಸಾರ್ಡಿನೆಲ್ಲಾ ಲಾಂಗಿಸೆಪ್ಸ್, ಬಂಗುಡೆ ಅಂದರೆ ರಾಸ್ಟ್ರೆಲ್ಲಿಗರ್ ಕನಗುರ್ಟಾ, ಹೀಗೆ. ಒಬ್ಬ ಹುಡುಗ ಪೈಥಾನ್‌ನಲ್ಲಿ ಪ್ರೋಗ್ರಾಮ್ ಬರೆದು ಮಾಡಿಕೊಟ್ಟಿದ್ದ. ಹೆಸರುಗಳೇನೋ ಬಂದವು, ಆದರೆ ಫೈಲಿನ ಕಾಮೆಂಟ್‌ಗಳೆಲ್ಲ, ಅಂದರೆ ನಡುನಡುವೆ ಬರೆದಿಟ್ಟ ಟಿಪ್ಪಣಿಗಳೆಲ್ಲ, ಮಾಯ. ಎಕ್ಸ್‌ಎಂಎಲ್ ಓದಲು ಪೈಥಾನ್‌ನಲ್ಲಿರುವ ಎಲಿಮೆಂಟ್‌ಟ್ರೀ ಓದುವಾಗಲೇ ಕಾಮೆಂಟ್ ಬಿಟ್ಟುಬಿಡುತ್ತದೆ, ನಾವಾಗಿ ಹೇಳದ ಹೊರತು. ಮಾಷ್ಟ್ರಿಗೆ ಮುಖ್ಯವಾಗಿದ್ದದ್ದೇ ಆ ಕಾಮೆಂಟ್‌ಗಳು. ಬೂತಾಯಿಯ ಕೆಳಗೆ 'ಕುಂದಾಪುರದ ಕಡೆ ಬೈಗೆ ಅನ್ನುತ್ತಾರೆ, ಮತ್ತೊಮ್ಮೆ ಕೇಳಬೇಕು' ಅಂತ ಇತ್ತು. ಯಾರು ಹೇಳಿದ್ದು, ಎಲ್ಲಿ ಕೇಳಿದ್ದು, ಎಲ್ಲ ಅಲ್ಲೇ. "ಎಂಥ ಮಾರಾಯ, ಇಷ್ಟು ವರ್ಷದ್ದು ಹೋದರೆ ಮತ್ತೆ ಯಾರನ್ನು ಕೇಳುವುದು" ಅಂದರು. ಪುಣ್ಯಕ್ಕೆ ಹಳೆಯ ಫೈಲ್ ಬೇರೆ ಇತ್ತು.

ಇಂಥ ಕೆಲಸಕ್ಕೆ ನನಗೆ ಎಕ್ಸ್‌ಎಸ್‌ಎಲ್‌ಟಿ ಬಿಟ್ಟು ಬೇರೆ ಮನಸ್ಸಿಗೆ ಬರುವುದಿಲ್ಲ. ಎಕ್ಸ್‌ಎಂಎಲ್ ಫೈಲನ್ನು ಬದಲಿಸಿ ಬರೆಯಲೆಂದೇ ಇರುವ ಭಾಷೆ ಅದು. 1999ರಲ್ಲಿ ಬಂದ ಅದರ ಮೊದಲ ಆವೃತ್ತಿಯೇ ಸಾಕು. ಮೊದಲು ಒಂದು ಟೆಂಪ್ಲೇಟ್, ಅಂದರೆ ಇಂಥದ್ದು ಸಿಕ್ಕಿದರೆ ಹೀಗೆ ಮಾಡು ಅನ್ನುವ ನಿಯಮ: ಯಾವುದೇ ಆಟ್ರಿಬ್ಯೂಟ್ (ಐಡಿಯಂತೆ ಟ್ಯಾಗ್‌ನ ಒಳಗೇ ಬರೆಯುವ ವಿವರ), ಯಾವುದೇ ನೋಡ್ ಸಿಕ್ಕಿದರೂ ಹಾಗೇ ಕಾಪಿ ಮಾಡು, ಒಳಗಿನದ್ದಕ್ಕೂ ಹಾಗೇ ಮಾಡು. ನೋಡ್ ಅಂದರೆ ಫೈಲಿನ ಯಾವುದೇ ತುಂಡು, ಅದರಲ್ಲಿ ಕಾಮೆಂಟೂ ಸೇರಿತು. ಇದೊಂದೇ ಇದ್ದರೆ ಫೈಲ್ ಇದ್ದ ಹಾಗೇ ಹೊರಗೆ ಬರುತ್ತದೆ. ಬೇಕಾದ ಬದಲಾವಣೆಗೆ ಮಾತ್ರ ಇನ್ನೊಂದು ಚಿಕ್ಕ ಟೆಂಪ್ಲೇಟ್. ನಾನು 'ಹೆಸರು' ಎಲಿಮೆಂಟನ್ನು ಹಿಡಿದೆ, ಅದನ್ನು ಕಾಪಿ ಮಾಡಿ, ಮುಗಿದ ಕೂಡಲೇ 'ಶಾಸ್ತ್ರೀಯ' ಅಂತ ಹೊಸದನ್ನು ಬರೆಸಿದೆ. 'ಮೀನು' ಹಿಡಿದು ಅದರೊಳಗೆ ಸೇರಿಸಿದ್ದರೆ ಎಲ್ಲಕ್ಕಿಂತ ಮೇಲೋ ಕೊನೆಗೋ ಬೀಳುತ್ತಿತ್ತು, ಮಾಷ್ಟ್ರಿಗೆ ಬೇಕಿದ್ದದ್ದು ಹೆಸರಿನ ಅಡಿಯಲ್ಲೇ. ಲ್ಯಾಟಿನ್ ಹೆಸರುಗಳು ಇನ್ನೊಂದು ಫೈಲಿನಲ್ಲಿದ್ದವು, ಅದನ್ನು ಡಾಕ್ಯುಮೆಂಟ್ ಫಂಕ್ಷನ್‌ನಿಂದ ತೆರೆದು ಐಡಿ ತಾಳೆ ನೋಡಿದ್ದು. ಸಿಗದಿದ್ದರೆ ಖಾಲಿ ಟ್ಯಾಗ್ ಬರಬಾರದು, ಅದಕ್ಕೆ ಇಫ್ ಅಂತ ಒಂದು ಷರತ್ತು.

ಆ ಹುಡುಗನೂ ಪಕ್ಕದಲ್ಲಿ ಕೂತಿದ್ದ. ಎಕ್ಸ್‌ಎಸ್‌ಎಲ್‌ಟಿಯನ್ನೂ ಒಮ್ಮೆ ಪ್ರಯತ್ನ ಮಾಡಿದ್ದನಂತೆ, ಏನೂ ಸೇರದೆ ಫೈಲ್ ಹಾಗೇ ಬಂತಂತೆ. ಎರರ್ ಕೂಡ ಇಲ್ಲ. ಫೈಲಿನ ಮೊದಲ ಸಾಲುಗಳಲ್ಲೇ ಉತ್ತರ ಇತ್ತು: ಮೂಲ ಎಲಿಮೆಂಟ್‌ಗೆ ಎಕ್ಸ್‌ಎಂಎಲ್‌ಎನ್‌ಎಸ್ ಅಂತ ಒಂದು ನೇಮ್‌ಸ್ಪೇಸ್ ಕೊಟ್ಟಿದ್ದರು, ಅಂದರೆ ಒಳಗಿನ ಟ್ಯಾಗ್‌ಗಳೆಲ್ಲ ಯಾವ ಗುಂಪಿನವು ಅಂತ ಗುರುತಿಸುವ ಒಂದು ವಿಳಾಸ. ಹಾಗಿದ್ದಾಗ ಸುಮ್ನೆ 'ಹೆಸರು' ಅಂತ ಬರೆದರೆ ಎಕ್ಸ್‌ಎಸ್‌ಎಲ್‌ಟಿ ಹುಡುಕುವುದು ನೇಮ್‌ಸ್ಪೇಸ್ ಇಲ್ಲದ 'ಹೆಸರ'ನ್ನು, ಅಂಥದ್ದು ಫೈಲಿನಲ್ಲಿ ಒಂದೂ ಇಲ್ಲ. ಸ್ಟೈಲ್‌ಶೀಟ್‌ನಲ್ಲಿ, ಅಂದರೆ ಟೆಂಪ್ಲೇಟ್‌ಗಳನ್ನು ಬರೆದಿಟ್ಟ ಫೈಲಿನಲ್ಲಿ, ಅದೇ ವಿಳಾಸಕ್ಕೆ 'ಮೀ' ಅಂತ ಒಂದು ಪ್ರಿಫಿಕ್ಸ್ ಕೊಟ್ಟು, 'ಮೀ:ಹೆಸರು' ಅಂತ ಹಿಡಿಯಬೇಕು. ಅದರ ಜೊತೆಗೆ ಅದೇ ವಿಳಾಸವನ್ನು ಸ್ಟೈಲ್‌ಶೀಟ್‌ನ ಡೀಫಾಲ್ಟ್ ಮಾಡಿಡಬೇಕು. ಇಲ್ಲದಿದ್ದರೆ ಹೊಸ ಎಲಿಮೆಂಟ್‌ಗೆಲ್ಲ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ ಅಂಟಿಕೊಂಡು ಬರುತ್ತದೆ, ನೋಡಲು ಸಣ್ಣ ವಿಷಯ, ಆದರೆ ಆಗ ಅದು ಆ ಪಟ್ಟಿಗೆ ಸೇರಿದ ಎಲಿಮೆಂಟೇ ಅಲ್ಲ. ಎಷ್ಟೋ ಜನ ಎಕ್ಸ್‌ಎಸ್‌ಎಲ್‌ಟಿ ಬಿಟ್ಟುಬಿಡುವುದು ಈ ಒಂದು ಜಾಗದಲ್ಲಿ. ಇದನ್ನು ಮೊದಲೇ ಹೇಳಿಕೊಡದಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಎಕ್ಸ್‌ಎಸ್‌ಎಲ್‌ಟಿ ನಡೆಸುವ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಓಡಿಸಿ, ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ಡಿಫ್ ಹಾಕಿ ನೋಡಿದೆವು. ಸೇರಿದ ಸಾಲುಗಳು ಮಾತ್ರ. ಬೈಗೆಯ ಕಾಮೆಂಟ್ ಇದ್ದಲ್ಲೇ ಇತ್ತು, ಮಾಷ್ಟ್ರು ಬೆರಳಿಟ್ಟು ಓದಿದರು.

ಮೊನ್ನೆ ಫೋನ್ ಮಾಡಿ, ಇನ್ನೂ ಕೆಲವು ಶಾಸ್ತ್ರೀಯ ಹೆಸರು ಸಿಕ್ಕಿದೆ, ಮತ್ತೆ ಓಡಿಸಿದರೆ ಮೊದಲಿನದ್ದು ಎರಡೆರಡು ಸಲ ಬರುವುದಿಲ್ಲವಾ ಅಂತ ಕೇಳಿದರು. ಬರುವುದಿಲ್ಲ. 'ಶಾಸ್ತ್ರೀಯ' ಈಗಾಗಲೇ ಇಲ್ಲದ ಮೀನಿನ ಹೆಸರನ್ನು ಮಾತ್ರ ಹಿಡಿ ಅಂತ ಟೆಂಪ್ಲೇಟ್‌ನ ಮ್ಯಾಚ್‌ನಲ್ಲೇ, ಯಾವುದನ್ನು ಹಿಡಿಯಬೇಕು ಅಂತ ಹೇಳುವ ಜಾಗದಲ್ಲೇ, ಬರೆದಿಟ್ಟಿದ್ದೇನೆ.