900 ಡಿಗ್ರಿಯ ಬೂದಿ

ನಾನು ಕಾಗದ ಕಾರ್ಖಾನೆಯ ಪ್ರಯೋಗಾಲಯ ಸೇರಿದಾಗ ನಮ್ಮಲ್ಲಿ ಫಿಲ್ಲರ್ ಎಂದರೆ ರಾಜಸ್ಥಾನದ ಟಾಲ್ಕ್ ಪುಡಿ. ಅದು ನಾರುಗಳ ಸಂದು ತುಂಬುತ್ತದೆ. ಹಾಳೆ ನುಣುಪಾಗುತ್ತದೆ, ಹಿಂಬದಿಯ ಅಕ್ಷರ ಈಚೆಗೆ ಕಾಣುವುದಿಲ್ಲ, ಪಲ್ಪ್‌ಗಿಂತ ಅಗ್ಗವೂ ಹೌದು. ಅತಿಯಾದರೆ ಮಾತ್ರ ನಾರು ನಾರನ್ನು ಹಿಡಿಯಲು ಬಿಡದೆ ಹಾಳೆಯ ಬಲ ತಿನ್ನುತ್ತದೆ. ಹಾಗಾಗಿ ಪ್ರತಿ ಶಿಫ್ಟಿನಲ್ಲೂ ಕಾಗದದ ತುಂಡು ಸುಟ್ಟು ಬೂದಿ ತೂಗುತ್ತಿದ್ದೆವು; ನಾರು ಸುಟ್ಟುಹೋಗಿ ಉಳಿಯುವುದು ಫಿಲ್ಲರ್. ಗುರಿ ಶೇ. 16.

ಮುಂದೆ, ಶಾಯಿ ಹರಡದಂತೆ ಹಾಕುತ್ತಿದ್ದ ರೋಸಿನ್ ಎಂಬ ರಾಳ, ಆಲಂ ಎಂಬ ಹುಳಿ ಲವಣ ಬಿಟ್ಟು ಕ್ಷಾರೀಯ ವಿಧಾನಕ್ಕೆ ಬದಲಾದೆವು. ಆಲಂನ ಹುಳಿ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ನೊರೆ ಏಳುತ್ತದೆ. ಹುಳಿಯೇ ಹೋದ ಮೇಲೆ ಟಾಲ್ಕ್ ಜಾಗಕ್ಕೆ ಇನ್ನೂ ಬೆಳ್ಳಗಿನ ಕಾರ್ಬೊನೇಟ್ ಬಂತು. ಬೂದಿ ಥಟ್ಟನೆ ಶೇ. 9ಕ್ಕೆ ಇಳಿಯಿತು. "ಫಿಲ್ಲರ್ ನಿಲ್ಲುತ್ತಿಲ್ಲ, ಪಲ್ಪ್‌ನ ನೀರು ಬಸಿಯುವ ವೈರ್ ಜಾಲರಿಯಿಂದ ಸೋರಿಹೋಗುತ್ತಿದೆ" ಎಂದು ವರದಿ ಬರೆದವನು ನಾನೇ. ಡೋಸ್ ಏರಿಸಿದರು. ಬೂದಿ 12 ಮುಟ್ಟುವಷ್ಟರಲ್ಲಿ ಯಂತ್ರದ ಮೇಲೆ ಹಾಳೆ ಪದೇ ಪದೇ ಹರಿಯತೊಡಗಿತು. ಮುದ್ರಣಯಂತ್ರದ ರಬ್ಬರ್ ಹಾಳೆಯಾದ ಬ್ಲಾಂಕೆಟ್ ತುಂಬ ಬಿಳಿ ಪುಡಿ ಎಂದು ಮುದ್ರಣಾಲಯದಿಂದ ದೂರು ಬಂತು.

ಪ್ರಯೋಗಾಲಯದ ಹಿರಿಯ ಸಹಾಯಕರು ಒಂದು ದಿನ ಬೂದಿಯಿದ್ದ ಕ್ರೂಸಿಬಲ್ (ಸುಡುವ ಬಟ್ಟಲು) ಹಿಡಿದು ಬಂದರು. "ಸುಣ್ಣದ ಕಲ್ಲನ್ನು ಗೂಡಿಗಿಟ್ಟರೆ ಕಲ್ಲಾಗಿಯೇ ಉಳಿಯುತ್ತದೆಯೇ ಸಾರ್?" ಎಂದು ಕೇಳಿ ಬೂದಿಗೆ ನಾಲ್ಕು ಹನಿ ನೀರು ಬಿಟ್ಟು, ಕ್ಯಾಂಟೀನಿನಿಂದ ತಂದ ಚಿಟಿಕೆ ಅರಿಶಿನ ಉದುರಿಸಿದರು. ಆರತಿ ತಟ್ಟೆಯ ನೀರಿನಂತೆ ಕೆಂಪಾಯಿತು.

ನಮ್ಮ ಮಫಲ್ ಕುಲುಮೆ ಟಾಲ್ಕ್ ಕಾಲದಿಂದಲೂ 900 ಡಿಗ್ರಿಗೆ ನಿಂತಿತ್ತು. ಆ ಶಾಖಕ್ಕೆ ಟಾಲ್ಕ್ ಹೆಚ್ಚು ತೂಕ ಕಳೆದುಕೊಳ್ಳುವುದಿಲ್ಲ. ಸುಣ್ಣದ ಕಲ್ಲಿನದೇ ವಸ್ತುವಾದ ಕಾರ್ಬೊನೇಟ್ ಮಾತ್ರ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. 100 ಗ್ರಾಂ ಇಟ್ಟರೆ ಉಳಿಯುವುದು 56. ಅಂದರೆ ಆ ಶೇ. 9 ನಿಜದಲ್ಲಿ 16ರ ಗುರಿಯೇ ಆಗಿತ್ತು. ಕಾರ್ಬೊನೇಟ್ ಇರುವ ಕಾಗದವನ್ನು 525 ಡಿಗ್ರಿಗೆ ಸುಡಬೇಕೆಂದು ಕಾಲೇಜಿನಲ್ಲಿ ಓದಿ ಅಂಕವನ್ನೂ ಪಡೆದಿದ್ದೆ.

ಅಂದು ಸಂಜೆ ಒಂದೇ ರೀಲಿನ ಎರಡು ತುಂಡು ಸುಟ್ಟೆ. 900ರಲ್ಲಿ 12.1, 525ರಲ್ಲಿ 21.6. ಕಾಗದದ ಐದನೆಯ ಒಂದು ಪಾಲಿಗಿಂತ ಹೆಚ್ಚು ಬರೀ ಪುಡಿ! ಎರಡೂ ಕ್ರೂಸಿಬಲ್‌ಗಳನ್ನು ಯಂತ್ರದ ಫೋರ್‌ಮನ್ ಮೇಜಿನ ಮೇಲಿಟ್ಟು, ಡೋಸ್ ಇಳಿಸಿ ಎಂದೆ. ಅವರು ಅವನ್ನೂ ನನ್ನನ್ನೂ ನೋಡಿ, "ಹಾಗಾದರೆ ಇಷ್ಟು ದಿನ ಸುಮ್ಮನೆ ಜಾಲರಿಯನ್ನು ಬೈದೆವೇ?" ಎಂದರು.