ಬೋಟು ಬರದೆ ಪ್ರಧಾನಿ ಇಲ್ಲ

2024ರ ಜನವರಿ 25, ಪುಷ್ಯ ಹುಣ್ಣಿಮೆ. ಕಾರವಾರದವರಿಗೆ ಅದು ಕೂರ್ಮಗಡ ಜಾತ್ರೆ. ಬಾಳೆಗೊನೆ ಹಿಡಿದುಕೊಂಡು ಮಾಮನ ಬೋಟಿನಲ್ಲಿ ನರಸಿಂಹ ದೇವರಿಗೆ ಹೋಗಿ ಬಂದೆವು. 2019ರಲ್ಲಿ ಜಾತ್ರೆಗೆ ಹೋದವರ ಬೋಟು ಮಗುಚಿತಲ್ಲ, ಆಮೇಲೆ ಲೈಫ್ ಜಾಕೆಟ್ ಹಾಕದವರನ್ನು ಮಾಮ ಹತ್ತಿಸುವುದೇ ಇಲ್ಲ.

ಮರುದಿನ ಶಾಲೆಯಲ್ಲಿ ಧ್ವಜ ಹಾರಿಸಿ ಬಂದು ಮೊಬೈಲ್ ನೋಡಿದರೆ, ಟುವಾಲುವಿನಲ್ಲಿ ಅವತ್ತೇ ಚುನಾವಣೆ. ನಗಬೇಡಿ. ಹೆಸರು ಕೇಳಿ ಮನೆಯವರೆಲ್ಲ ಸ್ನಾನಕ್ಕೆ ಹೊರಟವರ ಹಾಗೆ ಹೆಗಲು ಮುಟ್ಟಿಕೊಂಡಿದ್ದಾರೆ. ಪೆಸಿಫಿಕ್ ಸಾಗರದ ದೇಶ ಅದು. 9 ದ್ವೀಪ, ಸುಮಾರು 11 ಸಾವಿರ ಜನ. 8 ಕ್ಷೇತ್ರ, ಒಂದೊಂದಕ್ಕೂ ಇಬ್ಬರು, ಒಟ್ಟು 16 ಸಂಸದರು. ಪಕ್ಷಗಳೇ ಇಲ್ಲ. ಗೆದ್ದವರು ಒಂದು ಕಡೆ ಸೇರಿ ತಮ್ಮಲ್ಲೇ ಒಬ್ಬರನ್ನು ಪ್ರಧಾನಿ ಮಾಡಬೇಕು.

ಇದು ನಮ್ಮ ಗ್ರಾಮ ಪಂಚಾಯಿತಿ ಅಲ್ವಾ! ಅಲ್ಲೂ ಪಕ್ಷದ ಚಿಹ್ನೆ ಇಲ್ಲ, ಗೆದ್ದ ಸದಸ್ಯರೇ ಅಧ್ಯಕ್ಷರನ್ನು ಆರಿಸುತ್ತಾರೆ.

2020ರ ಡಿಸೆಂಬರ್‌ನಲ್ಲಿ ಅಂಕೋಲೆಯ ಕಡೆ ಒಂದು ಬೂತಿನಲ್ಲಿ ನನಗೆ ಡ್ಯೂಟಿ ಬಿದ್ದಿತ್ತು. ವಾರ್ಡಿಗೆ ಎರಡು ಸ್ಥಾನ. ಒಬ್ಬ ಅಜ್ಜಿ ಮತಪತ್ರ ಹಿಡಿದುಕೊಂಡು ನಿಂತೇ ಇದ್ದರು. "ಅಕ್ಕೋರೆ, ಎರಡು ಹಾಕೂಕೆ ಆಗ್ತದ್ಯಾ?" ಹೌದು ಎಂದೆ. "ಹಾಂಗಾದ್ರೆ ಬಚಾವಾದೆ. ಒಂದು ಸೊಸೆಗೆ, ಒಂದು ತಮ್ಮನ ಮಗನಿಗೆ." ಓಟು ಗುಟ್ಟು ಅಜ್ಜಿ ಎಂದು ನಾನು ಹೇಳುವಷ್ಟರಲ್ಲಿ ಏಜೆಂಟರೆಲ್ಲ ಕೇಳಿಸಿಕೊಂಡು ಆಗಿತ್ತು.

ಟುವಾಲುವಿನಲ್ಲೂ ನಿಂತವರೆಲ್ಲ ಯಾರಿಗೋ ಅಳಿಯ, ಯಾರಿಗೋ ಚಿಕ್ಕಪ್ಪ ಇರಲೇಬೇಕು. ಇಷ್ಟು ಸಣ್ಣ ಊರಿನಲ್ಲಿ ಸೋಲಿಸುವುದೇ ಕಷ್ಟ ಎಂದುಕೊಂಡಿದ್ದೆ. ಆದರೆ ಪ್ರಧಾನಿ ಕೌಸಿಯಾ ನಟಾನೊ ಅವರನ್ನೇ ಸೋಲಿಸಿ ಕೂರಿಸಿದರು! ರಾಜಧಾನಿ ಫುನಾಫುಟಿ ಅವರ ಕ್ಷೇತ್ರ. ಅದೇ ಕ್ಷೇತ್ರದಲ್ಲಿ ಸೈಮನ್ ಕೋಫೆ ಗೆದ್ದರು. 2021ರಲ್ಲಿ ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ನಿಂತು, ನಮ್ಮ ನೆಲ ಮುಳುಗುತ್ತಿದೆ ಎಂದು ಭಾಷಣ ಮಾಡಿದ ಮಂತ್ರಿ ಇವರೇ.

ನನಗೆ ಜಾಸ್ತಿ ಮಜಾ ಅನಿಸಿದ್ದು ಮುಂದಿನದು. ನಮ್ಮಲ್ಲಿ ಅಧ್ಯಕ್ಷರ ಆಯ್ಕೆಗೆ ಮೊದಲು ಸದಸ್ಯರು ಒಮ್ಮೆಲೇ ಪ್ರವಾಸಕ್ಕೆ ಹೋಗಿಬಿಡುತ್ತಾರೆ. ಅಲ್ಲಿ ಗೆದ್ದವರು ರಾಜಧಾನಿಗೆ ಬರುವುದೇ ಒಂದು ಪ್ರವಾಸ. ಹೊರ ದ್ವೀಪಗಳಿಂದ ಬೋಟಿನಲ್ಲೇ ಬರಬೇಕು. ಹವಾಮಾನ ಕೆಟ್ಟು ಬೋಟುಗಳು ತಡವಾದವು, ಆಯ್ಕೆಯೂ ಮುಂದೆ ಹೋಯಿತು. ಕೊನೆಗೆ ಫೆಬ್ರವರಿ 26ಕ್ಕೆ, ಮತದಾನವಾಗಿ ಸರಿಯಾಗಿ ಒಂದು ತಿಂಗಳಿಗೆ, ಫೆಲೆಟಿ ಟಿಯೊ ಅವಿರೋಧವಾಗಿ ಪ್ರಧಾನಿಯಾದರು. ಹಿಂದೆ ಅವರು ಪೆಸಿಫಿಕ್‌ನ ಟ್ಯೂನಾ ಮೀನುಗಾರಿಕೆ ನೋಡಿಕೊಳ್ಳುವ ಆಯೋಗದ ಮುಖ್ಯಸ್ಥರಾಗಿದ್ದವರು. ಪರದೇಶದ ಹಡಗುಗಳಿಗೆ ಮೀನು ಹಿಡಿಯಲು ಕೊಡುವ ಲೈಸೆನ್ಸ್ ಹಣವೇ ಆ ದೇಶದ ದೊಡ್ಡ ಆದಾಯ. ಮೀನಿನ ಲೆಕ್ಕ ಗೊತ್ತಿದ್ದವರು ಪ್ರಧಾನಿಯಾದದ್ದು ನನಗಂತೂ ಖುಷಿ.

ಬಲೆ ರಿಪೇರಿ ಮಾಡುತ್ತಿದ್ದ ಮಾಮನಿಗೆ ಇಷ್ಟನ್ನೂ ಹೇಳಿದೆ. ಪ್ರಧಾನಿ, ಪಾರ್ಲಿಮೆಂಟ್ ಯಾವುದಕ್ಕೂ ಅವರು ತಲೆ ಎತ್ತಲಿಲ್ಲ. ಬೋಟು ತಡವಾಯಿತು ಎಂದಾಗ ಮಾತ್ರ ಕೈ ನಿಲ್ಲಿಸಿ ಕೇಳಿದರು.

"ಎಂಜಿನ್ ಎಷ್ಟು ಎಚ್‌ಪಿ?"